ನಾಲ್ಕು ಗಿಡ್ಡ ಸ್ಕ್ರೂಗಳು

ಮೊಳೆ ಹೊಡೆಯಲು ಹೋದರೆ ಗೋಡೆಗಿಂತ ತನ್ನ ಬೆರಳಿಗೇ ಹೆಚ್ಚು ಪೆಟ್ಟು ಕೊಟ್ಟುಕೊಳ್ಳುವ ಆಸಾಮಿ ಅವನು. ಸಾರ್ವಜನಿಕ ಲೈಬ್ರರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸ. ಯಾವುದನ್ನೂ ಎರಡು ಸಲ ಯೋಚಿಸದೆ ಮಾಡಿದವನಲ್ಲ. ಮೂರನೆಯ ಸಲ ಯೋಚಿಸುವಷ್ಟರಲ್ಲಿ ಬೇರೆ ಯಾರಾದರೂ ಅದನ್ನು ಮಾಡಿ ಮುಗಿಸಿ ಕೈ ತೊಳೆದುಕೊಂಡಿರುತ್ತಿದ್ದರು. ಮದುವೆಯಾದ ಹೊಸತರಲ್ಲೇ ಹೆಂಡತಿಯ ಅಣ್ಣ ಅವನಿಗೆ ‘ನಿಧಾನಪ್ಪ’ ಎಂದು ಹೆಸರಿಟ್ಟ. ಆ ಹೆಸರು ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಅಂಟಿಕೊಂಡಿತು.

ಶಾಲೆಯಲ್ಲಿ ಲೆಕ್ಕ ಕಲಿಸುವ ಹೆಂಡತಿಗೆ ನಾಲಿಗೆ ಸ್ವಲ್ಪ ಚುರುಕು. ನಲ್ಲಿ ಸೋರಿದರೆ, ಕುರ್ಚಿಯ ಕಾಲು ಅಲ್ಲಾಡಿದರೆ, “ಅಪ್ಪ ಇದ್ದಿದ್ರೆ ಇಷ್ಟು ಹೊತ್ತಿಗೆ ಸರಿ ಮಾಡಿರ್ತಿದ್ರು” ಎನ್ನುತ್ತಿದ್ದಳು. ನಿಧಾನಪ್ಪನ ಮಾವ ನಿಜಕ್ಕೂ ಅಂಥವರೇ. ಅವರು ಮುಟ್ಟಿದ ಕೆಟ್ಟ ಗಡಿಯಾರ ಹೆದರಿ ಓಡತೊಡಗುತ್ತಿತ್ತು ಎಂದು ಮನೆಯವರು ತಮಾಷೆ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಅತ್ತೆ ಮಗಳ ಮನೆಗೆ ಬಂದು ನಾಲ್ಕು ವರ್ಷವಾಗಿತ್ತು.

ಆ ಮನೆಯಲ್ಲಿ ನಿಧಾನಪ್ಪನನ್ನು ನೋಡಿ ನಗದಿದ್ದವರು ಅತ್ತೆ ಒಬ್ಬರೇ. “ನಮ್ಮ ಅಳಿಯಂದಿರ ಕೈ ನಿಧಾನ, ಆದ್ರೆ ಅಚ್ಚುಕಟ್ಟು” ಎನ್ನುವರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕೂತು ಊರಿನ ಮಾತನ್ನೆಲ್ಲ ಜೋಡಿಸಿದ ಹೆಂಗಸು. ಯಾರ ಮನೆಯ ನಂಬರ್ ಕೇಳಿದರೂ ಪುಸ್ತಕ ತೆರೆಯದೆ ಹೇಳುತ್ತಿದ್ದರಂತೆ. ಎಪ್ಪತ್ತನಾಲ್ಕರಲ್ಲೂ ಆ ನೆನಪೇ ಅವರ ಹೆಮ್ಮೆ. ಮೊಣಕಾಲು ನೋಯುತ್ತದೆ, ಕಣ್ಣು ಮಂಜಾಗುತ್ತದೆ ಎಂದು ಒಪ್ಪಿಕೊಳ್ಳುವರು. “ಆದ್ರೆ ಇದು ಮಾತ್ರ ಬಂಡೆ” ಎಂದು ಹಣೆಯನ್ನು ಬೆರಳಿನಿಂದ ತಟ್ಟಿಕೊಳ್ಳುವರು.

ಒಂದು ದಿನ ಅಡುಗೆಮನೆಯ ಕಪಾಟಿನ ಬಾಗಿಲು ಕಳಚಿ ಒಂದೇ ಬಿಜಾಗರಿಯಲ್ಲಿ ಜೋತುಬಿತ್ತು. ಹೆಂಡತಿ ಅಪ್ಪನ ಹೆಸರೆತ್ತುವ ಮೊದಲೇ ನಿಧಾನಪ್ಪ ಚಪ್ಪಲಿ ಮೆಟ್ಟಿಕೊಂಡು ಹಾರ್ಡ್‌ವೇರ್ ಅಂಗಡಿಗೆ ನಡೆದ.

ಅಂಗಡಿಯಾಕೆ ಐವತ್ತರ ಹೆಂಗಸು. ತುರುಬಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದಳು. ಅವನ ಮಾತು ಕೇಳಿ, ಬ್ಯಾಟರಿಯಿಂದ ಓಡುವ, ಸ್ಕ್ರೂ ತಿರುಗಿಸುವ ಮೂರು ಯಂತ್ರಗಳನ್ನು ಗಲ್ಲಾದ ಮೇಲಿಟ್ಟಳು. ಒಂದು ಟಾರ್ಚಿನ ಹಾಗೆ ನೇರವಾದದ್ದು. ಒಂದು ಪಿಸ್ತೂಲಿನ ಹಾಗೆ ಬಾಗಿದ ಹಿಡಿಕೆಯದು, ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಮೂರನೆಯದು ದಪ್ಪನೆಯ ಡ್ರಿಲ್.

“ಎತ್ತಿ ನೋಡಿ. ನೋಡಿದ್ರೆ ಸಾಲದು, ಕೈ ಒಪ್ಪಬೇಕು” ಎಂದಳು.

ಡ್ರಿಲ್ ಎತ್ತಿದ. ಗುಂಡಿ ಒತ್ತಿದೊಡನೆ ಅದು ಮಣಿಕಟ್ಟನ್ನೇ ತಿರುಚಿದಂತಾಗಿ ಬೆಚ್ಚಿ ಕೆಳಗಿಟ್ಟ. ನೇರವಾದದ್ದು ಬೆರಳಿನಲ್ಲಿ ಜಾರಿತು. ಪಿಸ್ತೂಲಿನಂಥದ್ದು ಮಾತ್ರ ಕೈಯೊಳಗೆ ಬೆಕ್ಕಿನ ಮರಿಯಂತೆ ಕೂತಿತು. ಮೂತಿಯಲ್ಲಿ ಸಣ್ಣ ದೀಪ. ಕತ್ತಿನಲ್ಲಿ ಅಂಕಿಗಳ ಬಳೆ.

“ಈ ಬಳೆ ಯಾಕೆ?”

“ಎಷ್ಟು ಬಿಗೀಬೇಕು ಅಂತ ಹೇಳೋಕೆ. ಸಣ್ಣ ಅಂಕಿಗೆ ಇಟ್ರೆ ಸ್ಕ್ರೂ ಕೂತ ತಕ್ಷಣ ಟಿಕ್ ಟಿಕ್ ಅಂತ ನಿಲ್ಲುತ್ತೆ. ಸ್ವಿಚ್ಚಿನ ಮುಚ್ಚಳ ಒಡೆಯಲ್ಲ, ಸ್ಕ್ರೂ ತಲೆ ಸವೆಯಲ್ಲ. ಮೂತಿಗೆ ಸಿಕ್ಕಿಸೋ ಬಿಟ್ ಹಾಕುವಾಗ ಸ್ಕ್ರೂ ತಲೆಗೆ ಸರಿಯಾಗಿ ಕೂರೋದನ್ನೇ ಹುಡುಕಿ ಹಾಕಿ, ಸುಮಾರಾಗಿದೆ ಅಂತ ಬಿಡಬೇಡಿ.” ಆಕೆ ಒಂದು ಹಲಗೆಯ ಚೂರು ಕೊಟ್ಟು ಅವನಿಂದಲೇ ಎರಡು ಸ್ಕ್ರೂ ಹಾಕಿಸಿದಳು. ಅವು ಗುರ್ರೆಂದು ಬೆಣ್ಣೆಯಲ್ಲಿ ಇಳಿದಂತೆ ಇಳಿದವು. ನಿಧಾನಪ್ಪನ ಮುಖ ಅರಳಿತು.

“ಒಂದು ಮಾತು ಕೇಳಿಸ್ಕೊಳ್ಳಿ ಸಾರ್” ಎಂದಳು ಆಕೆ. “ಇದು ಹಗುರ ಕೆಲಸದ್ದು. ಕಪಾಟು, ಡ್ರಾಯರ್ ಹಿಡಿಕೆ, ಆಟದ ಸಾಮಾನು, ಇಷ್ಟಕ್ಕೆ ಚಿನ್ನದಂಥ ಯಂತ್ರ. ಗಟ್ಟಿ ಮರಕ್ಕೆ ಉದ್ದ ಸ್ಕ್ರೂ ಹಾಕೋದಾದ್ರೆ ಮೊದ್ಲು ಡ್ರಿಲ್ಲಲ್ಲಿ ತೂತು ಕೊರೀಬೇಕು. ಮನುಷ್ಯರ ಭಾರ ಬೀಳೋ ಜಾಗಕ್ಕಂತೂ ಇದನ್ನೊಂದನ್ನೇ ನಂಬಬೇಡಿ.”

ಅವನು ಆ ಮಾತನ್ನು ಚೆನ್ನಾಗಿ ಕೇಳಿಸಿಕೊಂಡ. ಮುಂದೆ ಅವನಿಗೆ ನಿದ್ದೆಯಲ್ಲೂ ಚುಚ್ಚಿದ್ದು ಇದೇ: ಕೇಳಿಸಲಿಲ್ಲ ಎನ್ನುವ ಹಾಗಿರಲಿಲ್ಲ.

ಎರಡು ವಾರ ಮನೆಯಲ್ಲಿ ಅವನದೇ ದರ್ಬಾರು. ಕಪಾಟಿನ ಬಾಗಿಲು ಸರಿಯಾಯಿತು. ಡ್ರಾಯರುಗಳ ಹಿಡಿಕೆ, ಪರದೆಯ ಕೊಂಡಿ, ಕನ್ನಡಿಯ ಚೌಕಟ್ಟು, ಒಂದನ್ನೂ ಬಿಡಲಿಲ್ಲ. ಲೈಬ್ರರಿಗೂ ಒಯ್ದು ಕಪಾಟುಗಳ ಹೆಸರುಪಟ್ಟಿಗಳನ್ನೆಲ್ಲ ಬಿಗಿದು ಬಂದ.

“ಅಲ್ಲಾಡದೆ ಕೂತ್ಕೊಳಮ್ಮ, ಅಲ್ಲಾಡಿದ್ದಕ್ಕೆಲ್ಲ ಸ್ಕ್ರೂ ಹಾಕ್ತಿದ್ದಾರೆ” ಎಂದು ಹೆಂಡತಿ ತಾಯಿಗೆ ಹೇಳಿ ನಕ್ಕಳು. ಈ ಸಲದ ನಗುವಿನಲ್ಲಿ ಮೆಚ್ಚಿಗೆ ಇತ್ತು. ಇಪ್ಪತ್ತು ವರ್ಷ ಕಾದು ಸಿಕ್ಕಿದ ಮೆಚ್ಚಿಗೆ. ಅವನು ಅದನ್ನು ಗುಟುಕು ಗುಟುಕಾಗಿ ಕುಡಿದ.

ಆಗಲೇ ಅತ್ತೆ ಕೇಳಿದ್ದು. ಬಚ್ಚಲುಮನೆಯ ಬಾಗಿಲಲ್ಲಿ ಒಂದು ಎತ್ತರದ ಮೆಟ್ಟಿಲಿತ್ತು. “ಅಳಿಯಂದ್ರೇ, ಬಾಗಿಲ ಚೌಕಟ್ಟಿಗೆ ಹಿಡ್ಕೊಳ್ಳೋಕೆ ಒಂದು ಹಿಡಿ ಹಾಕ್ಕೊಡ್ತೀರಾ? ಹತ್ತುವಾಗ ಮೊಣಕಾಲು ಕೈ ಕೊಡುತ್ತೆ.”

“ಅದಕ್ಕೇನತ್ತೆ, ಭಾನುವಾರವೇ ಹಾಕ್ತೀನಿ” ಎಂದ.

ಮೊಳದುದ್ದದ ಸ್ಟೀಲಿನ ಹಿಡಿ ತಂದ. ಜೊತೆಗೆ ಪೊಟ್ಟಣದಲ್ಲಿ ಎರಡಂಗುಲದ ನಾಲ್ಕು ಸ್ಕ್ರೂ. ಚೌಕಟ್ಟು ಹಳೆಯ ಗಟ್ಟಿ ಮರದ್ದು. ಮೊದಲ ಸ್ಕ್ರೂ ಅರ್ಧಂಗುಲ ಇಳಿದು ನಿಂತಿತು. ಯಂತ್ರ ಗೊರಗೊರ ಎಂದು ನರಳಿ ಸುಮ್ಮನಾಯಿತು. ಬಳೆಯನ್ನು ಕೊನೆಯ ಅಂಕಿಗೆ ತಿರುಗಿಸಿದ, ಮೈಭಾರ ಹಾಕಿ ಒತ್ತಿದ. ಊಹೂಂ. ಹಿಂದಕ್ಕೆ ತಿರುಗಿಸಿ ಸ್ಕ್ರೂ ಹೊರತೆಗೆದ. ಅಂಗಡಿಯಾಕೆಯ ಮಾತು ನೆನಪಾಯಿತು. ಡ್ರಿಲ್ ಕೇಳಿ ತರಬಹುದಿತ್ತು, ಬಡಗಿಯನ್ನು ಕರೆಯಬಹುದಿತ್ತು. ಆದರೆ ಒಳಗಿನಿಂದ ಹೆಂಡತಿ ಕೂಗಿದಳು: “ಏನ್ರೀ, ನಿಮ್ಮ ಪಿಸ್ತೂಲು ಸೋತು ಹೋಯ್ತಾ?”

“ಇಲ್ಲ ಇಲ್ಲ, ಆಗೋಯ್ತು!” ಎಂದುಬಿಟ್ಟ.

ಕಪಾಟಿನ ಕೆಲಸದಲ್ಲಿ ಉಳಿದಿದ್ದ ಗಿಡ್ಡ ಸ್ಕ್ರೂಗಳು ಜೇಬಿನಲ್ಲಿದ್ದವು. ಅರ್ಧಂಗುಲಕ್ಕಿಂತ ಒಂದಿಷ್ಟು ಹೆಚ್ಚು. ನಾಲ್ಕೂ ಗುರ್ರೆಂದು ಇಳಿದವು. ಹಿಡಿ ಹೊಳೆಯುತ್ತಾ ನಿಂತಿತು. ಜಗ್ಗಿ ನೋಡಿದ, ಅಲ್ಲಾಡಲಿಲ್ಲ. ತನ್ನ ಪೂರ್ತಿ ಭಾರ ಹಾಕಿ ಮಾತ್ರ ಜಗ್ಗಲಿಲ್ಲ. ಜಗ್ಗಿದರೆ ಏನಾಗಬಹುದೆಂಬುದು ಒಳಗೆಲ್ಲೋ ಗೊತ್ತಿತ್ತು.

ಹದಿನೆಂಟು ದಿನ ಹಿಡಿ ನಿಂತಿತು. ಹತ್ತೊಂಬತ್ತನೆಯ ಬೆಳಿಗ್ಗೆ ಹೆಂಡತಿ ಶಾಲೆಗೆ ಹೋದ ಮೇಲೆ, ನಿಧಾನಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾಗ, ಬಚ್ಚಲ ಕಡೆಯಿಂದ ಲೋಹದ ಸದ್ದು, ಅದರ ಹಿಂದೆಯೇ ದೊಪ್ಪೆಂಬ ಸದ್ದು. ಓಡಿದ. ಅತ್ತೆ ನೆಲದ ಮೇಲೆ ಕೂತಿದ್ದರು. ಎಡಗೈ ಮಣಿಕಟ್ಟು ಇರಬಾರದ ಕಡೆಗೆ ತಿರುಗಿತ್ತು. ಬಲಗೈಯಲ್ಲಿ ಇನ್ನೂ ಹಿಡಿ ಇತ್ತು.

“ಕಿತ್ತು ಬಂತು ಅಳಿಯಂದ್ರೇ” ಎಂದರು. ದೂರಿನ ದನಿಯಲ್ಲ, ಆದದ್ದನ್ನು ಆದಂತೆ ಹೇಳುವ ದನಿ.

ಬಾಡಿಗೆ ಕಾರು ಹಿಡಿದು ಆಸ್ಪತ್ರೆಗೆ ಒಯ್ದ. ಹೆಂಡತಿ ಶಾಲೆಯಿಂದ ಅಲ್ಲಿಗೇ ಓಡಿಬಂದಳು. ಮೂಳೆ ಎರಡು ಕಡೆ ಮುರಿದಿತ್ತು. ಎಕ್ಸ್‌ರೇ, ಸೂಜಿ, ಪ್ಲಾಸ್ಟರು ಎಂದು ಓಡಾಟದಲ್ಲಿರುವಾಗ ಅವಳು ಹೇಳಿದಳು: “ಮನೆಗೆ ಹೋಗಿ ಅಮ್ಮನ ಮಾತ್ರೆ, ಒಂದು ಶಾಲು ತಂದುಬಿಡ್ರೀ.”

ಮನೆಗೆ ಬಂದ. ಹಿಡಿ ಬಚ್ಚಲ ನೆಲದ ಮೇಲೆ ಬಿದ್ದಿತ್ತು. ನಾಲ್ಕು ಗಿಡ್ಡ ಸ್ಕ್ರೂಗಳು ಅದರ ತೂತುಗಳಲ್ಲೇ ಸಿಕ್ಕಿಕೊಂಡು, ಕಿತ್ತ ಮರದ ಪುಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದವು. ಹೆಂಡತಿ ಬಂದು ಇದನ್ನು ನೋಡುತ್ತಾಳೆ. ಅಣ್ಣನಿಗೆ ಫೋನ್ ಮಾಡುತ್ತಾಳೆ. ಭಾವ ಏನೆನ್ನುತ್ತಾನೆ ಎಂಬುದು ಅವನಿಗೆ ಇಲ್ಲಿಂದಲೇ ಕೇಳಿಸಿತು.

ಪೊಟ್ಟಣದ ಉದ್ದ ಸ್ಕ್ರೂಗಳು ಹಾಗೇ ಇದ್ದವು. ಅವುಗಳ ಮೈಗೆ ಸೋಪು ಸವರಿ, ಹಳೆಯ ಕೈ ಸ್ಕ್ರೂಡ್ರೈವರ್ ಹಿಡಿದು ಒಂದೊಂದನ್ನೇ ತಿರುಗಿಸಿದ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆಯಿತು. ನಾಲ್ಕೂ ತಲೆಯವರೆಗೆ ಇಳಿದವು. ಹಿಡಿಗೆ ಜೋತುಬಿದ್ದು ನೋಡಿದ, ಕಲ್ಲು. ಗಡಿಯಾರ ನೋಡಿದ. ಹಿಡಿದದ್ದು ಬರೀ ಮೂವತ್ತೈದು ನಿಮಿಷ. ಆ ಭಾನುವಾರವೇ ಈ ಮೂವತ್ತೈದು ನಿಮಿಷ ಕೊಟ್ಟಿದ್ದರೆ ಸಾಕಿತ್ತು. ಮರದ ಪುಡಿ ಗುಡಿಸಿದ. ಗಿಡ್ಡ ಸ್ಕ್ರೂಗಳನ್ನು ಜೇಬಿಗೆ ಹಾಕಿಕೊಂಡು, ಆಸ್ಪತ್ರೆಯ ದಾರಿಯಲ್ಲಿ ಚರಂಡಿಗೆ ಎಸೆದ. ಮಾತ್ರೆ ತಂದ, ಶಾಲು ಮರೆತಿದ್ದ.

ಸಂಜೆ ಮೂವರೂ ಮನೆಗೆ ಬಂದರು. ಹೆಂಡತಿ ನೇರ ಬಚ್ಚಲಿಗೆ ಹೋಗಿ ಹಿಡಿ ಜಗ್ಗಿದಳು. ಮತ್ತೆ ಜಗ್ಗಿದಳು.

“ಅಮ್ಮಾ, ಹಿಡಿ ಕಿತ್ತು ಬಂತು ಅಂದ್ಯಲ್ಲ? ಇಲ್ಲೇ ಇದೆ, ಬಂಡೆ ಥರ.”

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಪ್ಲಾಸ್ಟರಿನ ಕೈಯನ್ನು ಎದೆಗವಚಿಕೊಂಡು ಬಹಳ ಹೊತ್ತು ನೋಡಿದರು. “ನನ್ನ ಕೈಯಲ್ಲಿತ್ತು ಕಣೇ. ಅಳಿಯಂದ್ರೂ ನೋಡಿದ್ರು.” ಆಮೇಲೆ ಅವನ ಕಡೆ ತಿರುಗಿದರು. “ನೋಡಿದ್ರಿ ಅಲ್ವಾ?”

ನಿಜ ಹೇಳಲು ಅವನಿಗೆ ಸಿಕ್ಕಿದ ಅತಿ ಸುಲಭದ ಗಳಿಗೆ ಅದು. ಒಂದು ‘ಹೌದು’ ಸಾಕಿತ್ತು.

“ಬಿದ್ದ ಗಾಬರೀಲಿ ಹಾಗನ್ನಿಸಿರಬೇಕು ಅತ್ತೆ” ಎಂದ.

ಅತ್ತೆ ತಮ್ಮ ಬಲಗೈಯನ್ನು ತೆರೆದು, ಅಂಗೈಯನ್ನು ಯಾರದೋ ಕಾಗದ ಓದುವಂತೆ ನೋಡಿಕೊಂಡರು.

ಸುಳ್ಳು ಒಂದು ಸಲ ಹೇಳಿದರೆ ಮುಗಿಯಿತು ಎಂದು ನಿಧಾನಪ್ಪ ಎಣಿಸಿದ್ದ. ಅದಕ್ಕೆ ಕಾಲು ಮೂಡಿ ಮನೆಯೆಲ್ಲ ಓಡಾಡತೊಡಗಿತು. ಹೆಂಡತಿ ತಾಯಿಯನ್ನು ಬೇರೆ ಕಣ್ಣಿನಿಂದ ನೋಡಲು ಶುರುಮಾಡಿದಳು. ಕನ್ನಡಕ ಎಲ್ಲೋ ಇಟ್ಟು ಹುಡುಕಿದರೆ, “ನೋಡಿದ್ರಾ?” ಎಂದು ಗಂಡನಿಗೆ ಕಣ್ಸನ್ನೆ. ಒಲೆ ಹಚ್ಚಬೇಡ ಅಮ್ಮ, ಒಬ್ಬಳೇ ವಾಕಿಂಗ್ ಹೋಗಬೇಡ ಅಮ್ಮ. ಬೀಗದ ಕೈ ಅವರ ಚೀಲದಿಂದ ಗೋಡೆಯ ಮೊಳೆಗೆ ಹೋಯಿತು. ಭಾವ ದಿನವೂ ಫೋನ್ ಮಾಡಿ, ಕಿವುಡರಿಗೆ ಹೇಳುವ ಹಾಗೆ, “ಅಮ್ಮಾ… ಊಟಾ… ಆಯ್ತಾ…?” ಎಂದು ಕೂಗುತ್ತಿದ್ದ. ಮೊದಮೊದಲು ಅತ್ತೆ, “ಕಿವಿ ನೆಟ್ಟಗಿದೆ ಕಣೋ, ಕಿರುಚಬೇಡ” ಎಂದು ಗದರುತ್ತಿದ್ದರು. ಆಮೇಲೆ ಗದರುವುದನ್ನೂ ಬಿಟ್ಟರು.

ಒಂದು ಮಧ್ಯಾಹ್ನ ಲೈಬ್ರರಿಗೆ ರಜೆ. ಅತ್ತೆಯ ಕೋಣೆಯಿಂದ ಮೆಲ್ಲನೆ ಮಾತು ಕೇಳಿಸಿತು. ಬಾಗಿಲ ಸಂದಿಯಲ್ಲಿ ನಿಧಾನಪ್ಪ ನಿಂತ. ಅವರು ಮಂಚದ ಅಂಚಿನಲ್ಲಿ ಕೂತು ಹಳೆಯ ಟೆಲಿಫೋನ್ ನಂಬರುಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಿದ್ದರು. “ಗಿರಣಿ, ನಾಲ್ಕು ಸೊನ್ನೆ ಏಳು. ಡಾಕ್ಟ್ರ ಮನೆ, ಎರಡು ಒಂದು ಒಂಬತ್ತು. ಫೈರ್ ಸ್ಟೇಷನ್…” ನಿಂತರು. ಮತ್ತೆ ಮೊದಲಿನಿಂದ ಶುರುಮಾಡಿದರು. ಅಲ್ಲಿಗೇ ಬಂದು ಮತ್ತೆ ನಿಂತರು. ನಲವತ್ತು ವರ್ಷದ ಹಿಂದಿನ ನಂಬರ್. ಯಾರಿಗೆ ತಾನೇ ನೆನಪಿರುತ್ತದೆ? ಆದರೆ ಅವರು ಮೂರನೆಯ ಸಲ ಗಿರಣಿಯಿಂದ ಶುರುಮಾಡಿದರು.

ಬಾಗಿಲಲ್ಲಿ ಅವನನ್ನು ಕಂಡರು. “ಅಳಿಯಂದ್ರೇ, ಬನ್ನಿ. ಒಂದು ಕೇಳ್ತೀನಿ, ನನ್ನ ಸಮಾಧಾನಕ್ಕೆ ಹೇಳಬೇಡಿ. ನನ್ನ ಬುದ್ಧಿ ಜಾರ್ತಿದೆಯಾ?”

“ಛೆ, ಏನತ್ತೆ ನೀವು” ಎಂದ.

“ಆ ಹಿಡಿ ನನ್ನ ಕೈಯಲ್ಲಿದ್ದದ್ದು ನನಗೆ ಇವತ್ತಿಗೂ ಅನುಭವಕ್ಕೆ ಬರುತ್ತೆ. ತಣ್ಣಗಿತ್ತು. ಇಲ್ಲದ್ದು ಇಷ್ಟು ಸ್ಪಷ್ಟವಾಗಿ ಕಂಡ್ರೆ, ಇನ್ನು ಇರೋದನ್ನ ಹೇಗೆ ನಂಬಲಿ?”

ಅವನು ನೀರು ತರುತ್ತೇನೆಂದು ಎದ್ದು ಹೋದ. ಅಡುಗೆಮನೆಯಲ್ಲಿ ಲೋಟ ಹಿಡಿದು ನಿಂತವನು, ನಲ್ಲಿ ತಿರುಗಿಸುವುದನ್ನೇ ಮರೆತ.

ಮಾರನೆಯ ವಾರ ಹೆಂಡತಿ ನೆನಪಿನ ಕಾಯಿಲೆಯ ಡಾಕ್ಟರ ಬಳಿ ಹೆಸರು ಬರೆಸಿದಳು. ಮೂವರೂ ಹೋದರು. ಗೋಡೆಯುದ್ದಕ್ಕೂ ಪ್ಲಾಸ್ಟಿಕ್ ಕುರ್ಚಿಗಳ ಸಾಲು, ಮೂಲೆಯಲ್ಲಿ ಸದ್ದಿಲ್ಲದ ಟಿವಿ. ಸಿಬ್ಬಂದಿ ಒಂದು ಫಾರಂ ಕೊಟ್ಟರು. ಹೆಂಡತಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಅಮ್ಮನಿಗೆ ಕೇಳಿಸದಂತೆ, ಅವನ ಕಿವಿಯ ಬಳಿ ಪ್ರಶ್ನೆ ಓದುತ್ತಾ ಗುರುತು ಹಾಕುತ್ತಿದ್ದಳು.

“ದಾರಿ ತಪ್ಪುತ್ತಾರಾ? ಇಲ್ಲ. ಹೆಸರು ಮರೆಯುತ್ತಾರಾ? ಅಪರೂಪಕ್ಕೆ. ನಡೆಯದ ಸಂಗತಿ ನಡೆದಿದೆ ಅಂತ ಹೇಳುತ್ತಾರಾ?” ಪೆನ್ನು ಒಂದು ಗಳಿಗೆ ನಿಂತಿತು. ಅವಳು ‘ಹೌದು’ ಎಂಬಲ್ಲಿ ಗುರುತು ಹಾಕಿದಳು. ಕಣ್ಣಲ್ಲಿ ನೀರಿತ್ತು.

ಪಕ್ಕದಲ್ಲಿ ಅತ್ತೆ ತಲೆ ಬಾಚಿ, ಒಳ್ಳೆಯ ಬಟ್ಟೆ ಉಟ್ಟು, ಪರೀಕ್ಷೆಗೆ ಬಂದ ಹುಡುಗಿಯ ಹಾಗೆ ನೆಟ್ಟಗೆ ಕೂತಿದ್ದರು. ತುಟಿ ಸಣ್ಣಗೆ ಅಲ್ಲಾಡುತ್ತಿತ್ತು. ಅಂಕಿ ಹೇಳಿಕೊಳ್ಳುತ್ತಿದ್ದರು.

ನಿಧಾನಪ್ಪ ಕೈಚಾಚಿ ಫಾರಂ ಹಿಡಿದುಕೊಂಡ. “ಅದನ್ನ ಹೊಡೆದುಹಾಕು.”

“ಯಾಕ್ರೀ?”

“ನಡೆದಿತ್ತು. ಹಿಡಿ ಕಿತ್ತು ಬಂದಿತ್ತು. ನಾನು ಗಿಡ್ಡ ಸ್ಕ್ರೂ ಹಾಕಿದ್ದೆ. ಉದ್ದದ್ದು ಆ ಯಂತ್ರದಿಂದ ಇಳೀಲಿಲ್ಲ. ನೀನು ಶಾಲು ತರೋಕೆ ಕಳಿಸಿದ್ಯಲ್ಲ, ಆಗ ಉದ್ದದ್ದು ಹಾಕಿ ಬಿಗಿದಿಟ್ಟೆ. ನಿನಗೆ ಗೊತ್ತಾಗಬಾರದು ಅಂತ.” ದನಿ ಏರುತ್ತಿರುವುದು ಅವನಿಗೇ ತಿಳಿಯಲಿಲ್ಲ, ಎದುರು ಸಾಲಿನವರು ತಿರುಗಿ ನೋಡಿದರು. ಅವನು ಕುರ್ಚಿಯಿಂದ ಜಾರಿ ಅತ್ತೆಯ ಮುಂದೆ ಕುಕ್ಕರಗಾಲಲ್ಲಿ ಕೂತ. “ಅತ್ತೆ, ನಿಮ್ಮ ಕೈಯಲ್ಲಿತ್ತು. ನಾನು ನೋಡಿದ್ದೆ. ನಿಮ್ಮ ತಲೆಗೆ ಏನೂ ಆಗಿಲ್ಲ. ಸುಳ್ಳು ಹೇಳಿದ್ದು ನಾನು.”

ಅತ್ತೆ ಅವನನ್ನು ನೋಡುತ್ತಲೇ ಇದ್ದರು.

“ಕಿತ್ತು ಬಂದಿತ್ತು” ಎಂದರು.

“ಹೌದು ಅತ್ತೆ.”

“ನನ್ನ ಬಲಗೈಯಲ್ಲಿ.”

“ಹೌದು.”

ಅವರು ಕಣ್ಣುಮುಚ್ಚಿ ಉದ್ದಕ್ಕೆ ಉಸಿರು ಬಿಟ್ಟರು. ಮುಖ ಒಮ್ಮೆ ಸಡಿಲವಾಯಿತು. ಅವನು ಅದನ್ನು ಕ್ಷಮೆ ಎಂದುಕೊಳ್ಳುವಷ್ಟರಲ್ಲಿ ಕಣ್ಣು ತೆರೆದರು. ಆ ಕಣ್ಣು ಬೇರೆಯೇ ಇತ್ತು.

“ಕೈ ಮುರಿದದ್ದು ಹೋಗ್ಲಿ, ಮೂಳೆ ಕೂಡುತ್ತೆ. ಸ್ಕ್ರೂ ಗಿಡ್ಡ ಹಾಕಿದ್ದೂ ಹೋಗ್ಲಿ, ಕೆಲಸ ಅಂದ್ಮೇಲೆ ತಪ್ಪಾಗುತ್ತೆ. ಆದ್ರೆ ಇಪ್ಪತ್ತಾರು ದಿನ ನನ್ನ ತಲೇನ ನಾನೇ ನಂಬದ ಹಾಗೆ ಮಾಡಿಬಿಟ್ರಲ್ಲ ಅಳಿಯಂದ್ರೇ. ನಾನು ಕೇಳಿದೆ ನಿಮ್ಮನ್ನ. ಎರಡು ಸಲ ಕೇಳಿದೆ.”

ಅತ್ತೆ ಒಂದು ಕೈಯೂರಿ ಎದ್ದರು. ಮಗಳಿಗೆ, “ಬಾರೇ, ಮನೆಗೆ ಹೋಗೋಣ” ಎಂದರು. ಅವನನ್ನು ಕರೆಯಲಿಲ್ಲ. ಅವನು ಫಾರಂ ಹಿಂತಿರುಗಿಸಿ, ಇಪ್ಪತ್ತು ಹೆಜ್ಜೆ ಹಿಂದೆ ನಡೆದು ಬಂದ.

ಮನೆಯಲ್ಲಿ ಅತ್ತೆ ಕೈಚೀಲ ಇಳಿಸುವ ಮೊದಲೇ ಫೋನ್ ಅವನ ಮುಂದಿಟ್ಟರು. “ಯಾರ್‍ಯಾರಿಗೆ ನನ್ನ ತಲೆ ಕೆಟ್ಟಿದೆ ಅಂತ ಸುದ್ದಿ ಹೋಗಿದೆಯೋ, ಅವರಿಗೆಲ್ಲ ನೀವೇ ಹೇಳಿ. ಮೊದ್ಲು ನನ್ನ ಮಗನಿಗೆ.”

ನಂಬರನ್ನು ಅವರೇ ಒತ್ತಿದರು, ನೋಡದೆ. ಭಾವ ಎತ್ತಿಕೊಂಡ. “ಏನ್ ನಿಧಾನಪ್ಪ, ಡಾಕ್ಟ್ರು ಏನಂದ್ರು?”

ನಿಧಾನಪ್ಪ ಎಲ್ಲವನ್ನೂ ಹೇಳಿದ. ಗಿಡ್ಡ ಸ್ಕ್ರೂ, ಸೋಪು, ಚರಂಡಿ, ಒಂದನ್ನೂ ಬಿಡಲಿಲ್ಲ. ಆ ಕಡೆಯಿಂದ “ಫೋನ್ ಅಮ್ಮನಿಗೆ ಕೊಡಿ” ಎಂಬ ಮಾತು ಮಾತ್ರ ಬಂತು. ಅವನು ಹೆದರಿದ್ದ ಬೈಗುಳ ಬರಲೇ ಇಲ್ಲ. ಬಂದಿದ್ದರೆ ಹಗುರಾಗುತ್ತಿತ್ತು.

ಇನ್ನೂ ಇಬ್ಬರಿಗೆ ಹೇಳುವುದಿತ್ತು. ಪಕ್ಕದ ಮನೆಯಾಕೆಗೆ ಬಾಗಿಲಲ್ಲಿ ನಿಂತು ಹೇಳಿದ. ಅತ್ತೆಯ ಜೊತೆ ವಾಕಿಂಗ್ ಹೋಗುತ್ತಿದ್ದ ಗೆಳತಿಯ ಮನೆಗೆ ನಡೆದುಹೋಗಿ ಹೇಳಿದ. ಆ ಮುದುಕಿ ಕನ್ನಡಕ ಮೇಲೇರಿಸಿ, “ಅಯ್ಯೋ ಪುಣ್ಯಾತ್ಮ, ನಾನು ಅವಳ ಜೊತೆ ಸಣ್ಣ ಮಕ್ಕಳ ಜೊತೆ ಮಾತಾಡೋ ಹಾಗೆ ಮಾತಾಡಿಬಿಟ್ಟೆನಲ್ಲಪ್ಪ” ಎಂದು ಹಣೆ ಚಚ್ಚಿಕೊಂಡಳು.

ಹೆಂಡತಿ ಐದು ದಿನ ಅವನ ಜೊತೆ ಮಾತಾಡಲಿಲ್ಲ. ತಟ್ಟೆ ಇಡುವಳು, ಹೋಗುವಳು. ಆರನೆಯ ದಿನ ಶಾಲೆಯ ಉತ್ತರ ಪತ್ರಿಕೆ ತಿದ್ದುತ್ತಾ, ತಲೆಯೆತ್ತದೆ ಕೇಳಿದಳು: “ಆ ಭಾನುವಾರ ಸ್ಕ್ರೂ ಇಳೀತಿಲ್ಲ ಅಂತ ಹೇಳಿದ್ರೆ ಏನಾಗ್ತಿತ್ತು?”

“ನೀನು ನಗ್ತಿದ್ದೆ.”

“ನಗ್ತಿದ್ದೆ” ಎಂದು ಒಪ್ಪಿಕೊಂಡಳು. ಕೆಂಪು ಪೆನ್ನಿನ ಮುಚ್ಚಳ ಹಾಕಿದಳು, ಮತ್ತೆ ತೆಗೆದಳು. “ನನ್ನ ನಗುವಿಗೆ ಹೆದರಿ ನಮ್ಮಮ್ಮನ್ನ ಬೀಳಿಸಿದ್ರಿ. ಇದನ್ನ ನಾನೆಲ್ಲಿ ಇಟ್ಕೊಳ್ಳಲಿ ಹೇಳಿ.” ಅವಳು ಅತ್ತಳು. ಅವನು ಪಕ್ಕದಲ್ಲಿ ಕೂತ. ಸಮಾಧಾನ ಮಾಡುವ ಹಕ್ಕು ತನಗಿದೆಯೋ ಇಲ್ಲವೋ ತಿಳಿಯದೆ ಸುಮ್ಮನೆ ಕೂತಿದ್ದ. ಅವಳು ಎದ್ದು ಹೋಗಿ ಎನ್ನಲಿಲ್ಲ.

ಬೀಗದ ಕೈ ಮರುದಿನವೇ ಅತ್ತೆಯ ಚೀಲಕ್ಕೆ ಮರಳಿತು. ಒಲೆಯೂ, ವಾಕಿಂಗೂ. ಭಾವನ ದನಿಯೂ ಸಾಮಾನ್ಯದ್ದಾಯಿತು. ಪ್ಲಾಸ್ಟರ್ ಬಿಚ್ಚಿದಾಗ ಮಾತ್ರ ಮಣಿಕಟ್ಟು ಪೂರ್ತಿ ತಿರುಗಲಿಲ್ಲ. ಬೆಳಿಗ್ಗೆ ಸಂಜೆ ಬಿಸಿನೀರಿನಲ್ಲಿ ಕೈಯಿಟ್ಟು ಇಪ್ಪತ್ತು ಸಲ ಅತ್ತ ಇತ್ತ ತಿರುಗಿಸಬೇಕೆಂದು ಡಾಕ್ಟರು ಹೇಳಿದರು. ನೀರು ಕಾಯಿಸುವ ಕೆಲಸವನ್ನು ನಿಧಾನಪ್ಪ ಯಾರೂ ಹೇಳದೆ ವಹಿಸಿಕೊಂಡ. ಬೋಗುಣಿ ತಂದಿಡುವನು, ಮೊಣಕೈಯಿಂದ ಬಿಸಿ ನೋಡುವನು, ಎದುರು ಮಣೆಯ ಮೇಲೆ ಕೂರುವನು. ಅತ್ತೆ ಬೇಡ ಎನ್ನಲಿಲ್ಲ. ಬೇಕು ಎಂದೂ ಅನ್ನಲಿಲ್ಲ. ಕ್ಷಮಿಸಿದೆ ಎಂಬ ಮಾತು ಅವರ ಬಾಯಿಂದ ಬರಲಿಲ್ಲ; ಅವನೂ ಕೇಳಲಿಲ್ಲ.

ತಿಂಗಳ ಮೇಲೆ ಒಂದು ಬೆಳಿಗ್ಗೆ ಅತ್ತೆ ನೀರಿನಿಂದ ಕೈಯೆತ್ತಿ ಅವನ ಮುಂದೆ ತಿರುಗಿಸಿ ತೋರಿಸಿದರು. “ಇವತ್ತು ಸ್ವಲ್ಪ ಹೆಚ್ಚು ತಿರುಗ್ತು, ಅಲ್ವಾ ಅಳಿಯಂದ್ರೇ?”

“ಹೌದ…” ಎಂದವನು ತಡೆದ. ಕೈಯನ್ನು ಸರಿಯಾಗಿ ನೋಡಿದ. “ಇಲ್ಲ ಅತ್ತೆ. ನಿನ್ನೆಯಷ್ಟೇ ಇದೆ.”

“ನನಗೂ ಹಾಗೇ ಅನ್ನಿಸ್ತು” ಎಂದು ಅತ್ತೆ ಕೈಯನ್ನು ಮತ್ತೆ ನೀರಿಗಿಟ್ಟರು. “ಆರಿಹೋಗಿದೆ. ಇನ್ನೊಂದು ಚೆಂಬು ಬಿಸಿನೀರು ಹಾಕಿ.”